ಬೆಳ್ಳಿತೆರೆಯ ಆದಿವಾಸಿ ಸ್ತ್ರೀ



ಪುಣೆಯಿಂದ ಸೊಲ್ಲಾಪುರದ ಕಡೆಗೆ ಬರುವ ಹೆದ್ದಾರಿಯಲ್ಲಿ, ಆ ಎರಡು ಪಟ್ಟಣಗಳಿಗೂ ಸುಮಾರಾಗಿ ಮಧ್ಯದಲ್ಲಿರುವ ಇಂದಾಪುರವನ್ನು ನಮ್ಮ ಕಲಬುರಗಿ ವಿಜಯಪುರಗಳ ಜನ ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ಕಂಡಿರಬಹುದಾದರೂ, ಅಲ್ಲಿ ಇಳಿದು ನೋಡತಕ್ಕದ್ದು ಏನಾದರೂ ಉಂಟೆಂದು ಭಾವಿಸಿದವರು ವಿರಳ. ಛತ್ರಪತಿ ಶಿವಾಜಿಯ ಪಿತಾಮಹನಾದ ಮಾಲೋಜಿರಾಜನ ಸ್ಮೃತಿಯನ್ನು ಹೊತ್ತಿರುವ ಈ ಊರಿನ ಆಚೆಗೆ, ಉಜನಿಯ ಅಣೆಕಟ್ಟು 1980ರಲ್ಲಿ ಪೂರ್ಣಗೊಂಡ ತರುವಾಯ, ಭೀಮಾನದಿಯು ವಿಶಾಲವಾದ ಜಲರಾಶಿಯಾಗಿ ನಿಂತುಬಿಟ್ಟಿದೆ. ಇಲ್ಲಿ ತಡೆದು ಬಿಟ್ಟ ನೀರೇ ಮುಂದೆ ಗಾಣಗಾಪುರದ ಸಂಗಮವನ್ನು ಹಾಯ್ದು ರಾಯಚೂರಿನ ಸಮೀಪದಲ್ಲಿ ಕೃಷ್ಣೆಯನ್ನು ಸೇರುವುದು. ಚಳಿಗಾಲದಲ್ಲಿ ಭಿಗವಣದ ಹಿನ್ನೀರಿಗೆ ಬರುವ ರಾಜಹಂಸಗಳ ಚಿತ್ರವನ್ನು ಹಿಡಿಯಲು ದೂರದೂರದಿಂದ ಛಾಯಾಗ್ರಾಹಕರು ಬರುತ್ತಾರೆ. ಅದೇ ನೀರಿನಲ್ಲಿ, ಮುಂಗಡ ಹಣದ ಋಣಕ್ಕೆ ಸಿಕ್ಕಿ, ಕೊಂಕಣದ ಕಾತಕರಿ ಎಂಬ ಆದಿವಾಸಿ ಕುಟುಂಬಗಳ ಹೆಂಗಸರೂ ಮಕ್ಕಳೂ ಮೀನಿನ ಬಲೆಯನ್ನು ಎಳೆಯುತ್ತಿರುವುದು ಆ ಚಿತ್ರಗಳಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ.

ಸಾಮಾಜಿಕ ಪ್ರಜ್ಞೆಯುಳ್ಳ ಚಲಚ್ಚಿತ್ರಗಳಲ್ಲಿ ಬುಡಕಟ್ಟಿನ ಸ್ತ್ರೀ ಹೇಗೆ ಚಿತ್ರಿತಳಾಗಿದ್ದಾಳೆಂಬ ಈ ಹೊತ್ತಿನ ವಿಚಾರಕ್ಕೆ ಇಂದಾಪುರವನ್ನು ನಾನು ಕೇಂದ್ರವಾಗಿ ಇಟ್ಟುಕೊಂಡುದಕ್ಕೆ ಕಾರಣವುಂಟು. ಈ ತಾಲೂಕಿಗೆ ಹೊಂದಿಕೊಂಡ ದೌಂಡಿನಲ್ಲಿ ಶಿಶುವೈದ್ಯರಾಗಿ ವೃತ್ತಿ ನಡೆಸಿದ ಡಾಕ್ಟರ್ ಜಬ್ಬಾರ್ ಪಟೇಲರು 1977ರಲ್ಲಿ ‘ಜೈತ್ ರೇ ಜೈತ್’ ಎಂಬ ಮರಾಠಿ ಚಿತ್ರವನ್ನು ನಿರ್ದೇಶಿಸಿದರು. ಹಿನ್ನೀರಿನ ಆಚೆಯ ದಡವಾದ ಕರಮಾಳಾ ತಾಲೂಕಿನ ಜೇವೂರು, 2013ರಲ್ಲಿ ‘ಫ್ಯಾಂಡ್ರಿ’ಯನ್ನೂ 2016ರಲ್ಲಿ ‘ಸೈರಾಟ್’ ಚಿತ್ರವನ್ನೂ ಮಾಡಿದ ನಾಗರಾಜ ಮಂಜುಳೆಯವರ ಊರು. ನೀರಾ ನದಿಯಾಚೆಯ ಫಲಟಣ ಸೀಮೆಯಿಂದ ಬಂದವರು, ಕೈಕಾಡಿ ಜನಾಂಗದ ಬಾಳನ್ನು ‘ಉಪರಾ’ ಎಂಬ ಆತ್ಮಕಥೆಯಲ್ಲಿ 1980ರಷ್ಟು ಹಿಂದೆಯೇ ಬರೆದ ಲಕ್ಷ್ಮಣ ಮಾನೆಯವರು. ಇನ್ನು ಪಕ್ಕದ ಬಾರಾಮತಿಯಲ್ಲಿ 1998ರ ಜೂನ್ ತಿಂಗಳಲ್ಲಿ ಪಾರಧಿ ಜನಾಂಗದವನೊಬ್ಬ ಪೊಲೀಸರ ವಶದಲ್ಲಿದ್ದಾಗ ಮರಣ ಹೊಂದಿದ ಸಂಗತಿಯು ದೇಶಕ್ಕೆಲ್ಲ ತಿಳಿದು, ಅಹಮದಾಬಾದಿನ ಛಾರಾನಗರದ ಬುಧನ್ ಥಿಯೇಟರ್ ತಂಡವು ಅದನ್ನೇ ವಸ್ತುವಾಗಿಟ್ಟುಕೊಂಡು ನಾಟಕವಾಡಿತು. ಹೀಗೆ ಕಲೆಯೂ ಕಷ್ಟವೂ ಒಂದು ಹರದಾರಿಯ ಅಂತರದಲ್ಲಿರುವ ಪ್ರದೇಶ ಇದು.

ಕೇವಲ ವಿನೋದಕ್ಕಾಗಿ ಮಾಡಿದ ಚಿತ್ರಗಳನ್ನು ಕುರಿತು ನಾನು ಹೆಚ್ಚು ಹೇಳಲಾರೆ. ಮೆಹಬೂಬರ ‘ರೋಟಿ’ಯಲ್ಲಿ, ಅದು 1942ರ ಮಾತು, ಸಿತಾರಾದೇವಿಯವರು ವಹಿಸಿದ ಕಿನಾರಿಯ ಪಾತ್ರಕ್ಕೆ ಹಣದ ಲೋಕವನ್ನು ನೋಡಿ ಬೆರಗಾಗುವ ಒಂದು ಬುದ್ಧಿಯಾದರೂ ಇತ್ತು, 1954ರ ‘ನಾಗಿನ್’ ಬರುವ ಹೊತ್ತಿಗೆ ಗುಡ್ಡಗಾಡಿನ ಹೆಣ್ಣು ಪುಂಗಿಯ ನಾದಕ್ಕೆ ಕುಣಿಯುವ ಸುಂದರಿಯಾಗಿ ನಿಂತಳು. ತಲೆಗೆ ಗರಿ, ಕೊರಳಿಗೆ ಕವಡೆಸರ, ಬೆಂಕಿಯ ಸುತ್ತ ಕುಣಿತ, ಅರ್ಥವಿಲ್ಲದ ಶಬ್ದಗಳ ಹಾಡು: ಇಷ್ಟನ್ನು ಕೂಡಿಸಿದರೆ ಕಾಡಿನವರಾದರೆಂದು ನಮ್ಮ ಚಿತ್ರೋದ್ಯಮ ಎಷ್ಟೋ ದಶಕಗಳ ಕಾಲ ನಂಬಿತ್ತು. ಆದರೆ ನನ್ನ ತಕರಾರು ಅವರೊಡನೆ ಅಲ್ಲ. ತಾವು ದಮನಿತರ ಪರವಾಗಿ ನಿಂತಿದ್ದೇವೆಂದು ಹೇಳಿಕೊಂಡು, ಬಹುಮಟ್ಟಿಗೆ ನಿಜವಾಗಿಯೂ ನಿಂತು, ಕಷ್ಟಪಟ್ಟು ಹಣ ಕೂಡಿಸಿ, ಪ್ರಾಮಾಣಿಕವಾಗಿ ಚಿತ್ರ ಮಾಡಿದವರೊಡನೆ.

ಆ ಪ್ರಾಮಾಣಿಕರಲ್ಲಿ ಅಗ್ರಗಣ್ಯರಾದ ಸತ್ಯಜಿತ್ ರಾಯ್ ಅವರ 1970ರ ‘ಅರಣ್ಯೇರ್ ದಿನ್ ರಾತ್ರಿ’ಯನ್ನೇ ನೋಡಿ. ಕಲಕತ್ತೆಯಿಂದ ಪಲಾಮೂ ಕಾಡಿಗೆ ವಿಹಾರಕ್ಕೆಂದು ಬಂದ ನಾಲ್ವರು ತರುಣರಲ್ಲಿ ಒಬ್ಬನ ಕಣ್ಣು ದೂಲಿ ಎಂಬ ಸಂತಾಲ ಹೆಣ್ಣಿನ ಮೇಲೆ ಬೀಳುತ್ತದೆ. ಮುಂಬಯಿಯ ಸಿಮಿ ಗರೇವಾಲರ ಮೈಗೆ ಕಪ್ಪು ಬಳಿದು ಆ ಪಾತ್ರವನ್ನು ಮಾಡಿಸಲಾಯಿತು. ನಗರದ ಹೆಂಗಸರಿಬ್ಬರಿಗೆ ರಾಯ್ ಅವರು ಎಷ್ಟೊಂದು ಸೂಕ್ಷ್ಮವಾದ ಅಂತರಂಗವನ್ನು ಕೊಟ್ಟಿದ್ದಾರೆಂಬುದನ್ನು ಬಲ್ಲವರಿಗೆ, ದೂಲಿಗೆ ಶರಾಬಿನ ಅಂಗಡಿಯ ಮುಂದಿನ ಕೇಕೆಯನ್ನೂ ಒಂದು ಬಲಿಷ್ಠ ಶರೀರವನ್ನೂ ಬಿಟ್ಟು ಮತ್ತೇನೂ ದೊರೆಯದಿದ್ದುದು ಕಣ್ಣಿಗೆ ಕುಕ್ಕದೆ ಇರಲಾರದು. ಚಿತ್ರವಿರುವುದು ನಗರದ ಪುರುಷರ ದೃಷ್ಟಿಯ ಕುರುಡನ್ನು ತೋರಿಸಲಿಕ್ಕೇ ಎಂದು ಸಮರ್ಥಿಸುವವರಿದ್ದಾರೆ. ಇರಲಿ. ಮೃಣಾಲ್ ಸೇನರ ‘ಮೃಗಯಾ’ 1976ರ ಶ್ರೇಷ್ಠ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಭಗವತಿಚರಣ ಪಾಣಿಗ್ರಾಹಿಯವರ ಒಡಿಯಾ ಕಥೆಯನ್ನು ಆಧರಿಸಿದ ಅದರಲ್ಲಿ, ತನ್ನ ಹೆಂಡತಿ ಡುಂಗ್ರಿಯನ್ನು ಹೊತ್ತೊಯ್ದ ಸಾಹುಕಾರನನ್ನು ಬೇಟೆಗಾರ ಘಿನುವಾ ಕೊಲ್ಲುತ್ತಾನೆ. ಕಾಡಿನ ನ್ಯಾಯ ಒಂದು, ಬ್ರಿಟಿಷರ ನ್ಯಾಯ ಮತ್ತೊಂದು ಎಂಬ ಆ ಕಥೆಯ ವಿಪರ್ಯಾಸ ಗಂಭೀರವಾದದ್ದು. ಆದರೆ ಅಪಹೃತಳಾದವಳಿಗೆ ಏನು ಅನಿಸಿತೆಂಬ ಪ್ರಶ್ನೆಯನ್ನು ಎರಡು ನ್ಯಾಯಗಳಲ್ಲಿ ಯಾವುದೂ ಕೇಳಲಿಲ್ಲ, ಚಿತ್ರವೂ ಕೇಳಲಿಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ‘ಆಕ್ರೋಶ್’ ಚಿತ್ರಕ್ಕೆ ಬರುತ್ತೇನೆ. ವಿಜಯ ತೆಂಡುಲ್ಕರರು ಬರೆದು ಗೋವಿಂದ ನಿಹಲಾನಿಯವರು 1980ರಲ್ಲಿ ನಿರ್ದೇಶಿಸಿದ ಈ ಚಿತ್ರಕ್ಕೆ, ಮರುವರ್ಷದ ಭಾರತ ಅಂತಾರಾಷ್ಟ್ರೀಯ ಚಲಚ್ಚಿತ್ರೋತ್ಸವದಲ್ಲಿ ಸ್ವರ್ಣಮಯೂರ ಪ್ರಶಸ್ತಿ ದೊರೆಯಿತು. ಲಹಾನ್ಯಾ ಭಿಕು ಎಂಬ ಆದಿವಾಸಿ ಕೂಲಿಕಾರನು ತನ್ನ ಹೆಂಡತಿ ನಾಗಿಯನ್ನು ಕೊಂದನೆಂದು ಆರೋಪ. ಅವನಾದರೋ ಬಾಯನ್ನೇ ಬಿಡುವುದಿಲ್ಲ. ಅವನ ಪರವಾಗಿ ನೇಮಕಗೊಂಡ ಯುವ ವಕೀಲ ಭಾಸ್ಕರ ಕುಲಕರ್ಣಿಯು ಸತ್ಯವನ್ನು ಅಗೆಯುತ್ತ ಹೋದಂತೆ, ಊರಿನ ಅಧಿಕಾರಸ್ಥರೇ ಕೂಡಿ ನಾಗಿಯನ್ನು ಕೆಡಿಸಿ ಕೊಂದು, ಅಪರಾಧವನ್ನು ಗಂಡನ ತಲೆಗೆ ಕಟ್ಟಿದ್ದಾರೆಂಬುದು ಪ್ರೇಕ್ಷಕನಿಗೆ ತಿಳಿಯುತ್ತದೆ. ಲಹಾನ್ಯಾನಾಗಿ ಅಭಿನಯಿಸಿದ ಓಂ ಪುರಿಯವರ ಮೌನವನ್ನು ಕುರಿತು ನಾಡೆಲ್ಲ ಮಾತನಾಡಿತು. ಆ ಮಾತು ಯೋಗ್ಯವಾದದ್ದೇ. ವಿರುದ್ಧ ಪಕ್ಷದ ವಕೀಲನಾದ ದುಸಾನೆ ಸ್ವತಃ ಆದಿವಾಸಿಯಾಗಿದ್ದು, ಮೇಲೆ ಬಂದುದಕ್ಕಾಗಿ ದೂರವಾಣಿಯಲ್ಲಿ ಅನಾಮಧೇಯರ ಬೈಗುಳನ್ನು ನುಂಗಿಕೊಂಡಿರತಕ್ಕವನು. ಅಮರೀಶ್ ಪುರಿಯವರು ವಹಿಸಿದ ಆ ಪಾತ್ರದಷ್ಟು ಜಟಿಲವಾದ ಆದಿವಾಸಿ ಪುರುಷನನ್ನು ನಮ್ಮ ಚಿತ್ರಗಳು ಅದಕ್ಕೆ ಮೊದಲು ಕಂಡಿರಲಿಲ್ಲವೆಂದು ನಾನು ಹೇಳಬಲ್ಲೆ.

ನಾಗಿಯೋ? ಸ್ಮಿತಾ ಪಾಟೀಲರಂಥ ನಟಿಯನ್ನು ಕರೆತಂದು, ಸ್ಮರಣೆಯ ಕೆಲವು ತುಣುಕುಗಳಲ್ಲಿ ಅವಳನ್ನು ತೋರಿಸಿ, ಬೆರಳೆಣಿಕೆಯ ಮಾತುಗಳನ್ನು ಆಡಿಸಿ, ಚಿತ್ರವು ಅವಳನ್ನು ಸಾಕ್ಷ್ಯವನ್ನಾಗಿ ಮಾಡಿತೇ ಹೊರತು ವ್ಯಕ್ತಿಯನ್ನಾಗಿ ಮಾಡಲಿಲ್ಲ. ಕೊನೆಗೆ, ತಂದೆಯ ಅಂತ್ಯಕ್ರಿಯೆಗೆಂದು ಬೇಡಿ ತೊಡಿಸಿ ಕರೆತಂದಾಗ, ಲಹಾನ್ಯಾ ಕೊಡಲಿಯನ್ನು ಕಿತ್ತುಕೊಂಡು ತನ್ನ ಒಡಹುಟ್ಟಿದ ತಂಗಿಯನ್ನೇ ಕಡಿದುಹಾಕುತ್ತಾನೆ. ಹೆಂಡತಿಗಾದ ಗತಿ ಅವಳಿಗೂ ಆಗದಿರಲೆಂದು. ಆ ಮೇಲೆ ಅವನ ಕಂಠದಿಂದ ಹೊರಡುವ ಚೀತ್ಕಾರ ಭಾರತೀಯ ಚಿತ್ರರಂಗದ ಅತ್ಯಂತ ಭಯಾನಕ ಧ್ವನಿಗಳಲ್ಲೊಂದು. ಆದರೆ ಶ್ರೋತೃಗಳು ಕ್ಷಣಕಾಲ ಯೋಚಿಸಬೇಕು: ಆ ತಂಗಿಗೆ ಚಿತ್ರದಲ್ಲಿ ಒಂದು ಇಚ್ಛೆಯಾದರೂ ಇತ್ತೇ? ತನ್ನ ಗತಿಯನ್ನು ತಾನು ನಿರ್ಣಯಿಸಿಕೊಳ್ಳುವ ಅವಕಾಶವನ್ನು ಊರಿನ ದುರುಳರು ಅವಳಿಗೆ ಕೊಡಲಿಲ್ಲ, ಅಣ್ಣನು ಕೊಡಲಿಲ್ಲ, ಕಥೆಯನ್ನು ಬರೆದವರೂ ಕೊಡಲಿಲ್ಲ.

ಆ ಚಿತ್ರ ತೆರೆಗೆ ಬಂದ ಕಾಲವನ್ನು ನೆನೆದರೆ ಈ ಲೋಪ ಮತ್ತಷ್ಟು ಭಾರವಾಗಿ ತೋರುತ್ತದೆ. 1972ರಲ್ಲಿ, ಆಗ ಚಂದ್ರಪುರ ಜಿಲ್ಲೆಗೆ ಸೇರಿದ್ದ ದೇಸಾಯಿಗಂಜದ ಪೊಲೀಸು ಠಾಣೆಯಲ್ಲಿ ಎಳೆಯ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆಯಿತು. ಕಾನೂನಿನ ಗ್ರಂಥಗಳಲ್ಲಿ ಅದು ಮಥುರಾ ಪ್ರಕರಣವೆಂದು ಪ್ರಸಿದ್ಧ. ಅವಳ ಮೈಮೇಲೆ ಗಾಯದ ಗುರುತಿಲ್ಲ, ಪ್ರತಿಭಟಿಸಿದ ಲಕ್ಷಣವಿಲ್ಲ, ಎಂಬ ತರ್ಕದ ಮೇಲೆ ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ಆರೋಪಿಗಳಾದ ಪೊಲೀಸರನ್ನು ಬಿಡುಗಡೆ ಮಾಡಿತು. ಮರುವರ್ಷ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮವಾರ್, ಪುಣೆಯ ರಘುನಾಥ ಕೇಳಕರ್ ಎಂಬ ನಾಲ್ವರು ಕಾನೂನು ಪ್ರಾಧ್ಯಾಪಕರು ಮುಖ್ಯ ನ್ಯಾಯಾಧೀಶರಿಗೆ ಬಹಿರಂಗ ಪತ್ರವನ್ನು ಬರೆದರು; ಸ್ತ್ರೀಯರು ಬೀದಿಗಿಳಿದರು; 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ನ್ಯಾಯಾಲಯವು ಆ ಹುಡುಗಿಯ ಮೌನವನ್ನು ಸಮ್ಮತಿಯೆಂದು ಓದಿತು. ಆ ತೀರ್ಪಿಗೆ ದೇಶವೇ ಕೆರಳಿ ನಿಂತಿದ್ದ ವೇಳೆಯಲ್ಲಿ ತೆರೆಗೆ ಬಂದ ಶ್ರೇಷ್ಠ ಚಿತ್ರವೊಂದು ಅಂಥದೇ ಹೆಣ್ಣಿನ ಮೌನವನ್ನು ಕಲೆಯ ಸಾಮಗ್ರಿಯಾಗಿ ಬಳಸಿತು. ಉದ್ದೇಶಗಳಲ್ಲಿ ಆಕಾಶ ಪಾತಾಳಗಳ ಅಂತರವಿದ್ದರೂ, ಅವಳ ಬಾಯಿಂದ ಕೇಳಿ ತಿಳಿಯುವ ಗೋಜಿಗೆ ಎರಡೂ ಹೋಗಲಿಲ್ಲವೆಂಬುದು ನಿಜ.

‘ಆಕ್ರೋಶ್’ ಚಿತ್ರಕ್ಕೆ ಮೂರು ವರ್ಷ ಮುಂಚೆ, ಅದೇ ಸ್ಮಿತಾ ಪಾಟೀಲರು ದೌಂಡಿನ ವೈದ್ಯರ ಕೈಯಲ್ಲಿ ಚಿಂಧಿಯಾಗಿದ್ದರು. ಗೋ. ನೀ. ದಾಂಡೇಕರರ ಕಾದಂಬರಿಯನ್ನು ಆಧರಿಸಿದ ‘ಜೈತ್ ರೇ ಜೈತ್’ ಚಿತ್ರವು ಕೊಂಕಣದ ಬೆಟ್ಟಗಳಲ್ಲಿ ವಾಸಿಸುವ ಠಾಕರ ಎಂಬ ಆದಿವಾಸಿಗಳ ಕಥೆ. ನಾ. ಧೋಂ. ಮಹಾನೋರರ ಪದ್ಯಗಳಿಗೆ ಹೃದಯನಾಥ ಮಂಗೇಶಕರರು ಕಟ್ಟಿದ ಹಾಡುಗಳು ಚಿತ್ರದ ಉದ್ದಕ್ಕೂ ತುಂಬಿರುವುದರಿಂದ, ಅದನ್ನು ಒಂದು ಬಗೆಯ ಸುಂದರವಾದ ಗೀತನಾಟಕವೆಂದು ಮೆಚ್ಚಿ, ಸಾಮಾಜಿಕ ಚಿತ್ರಗಳ ಪಂಕ್ತಿಯಲ್ಲಿ ಕುಳ್ಳಿರಿಸಲು ಹಿಂಜರಿದ ವಿಮರ್ಶಕರಿದ್ದಾರೆ. ಸಾಹುಕಾರನ ದಬ್ಬಾಳಿಕೆ ಇಲ್ಲ, ಪೊಲೀಸನಿಲ್ಲ, ನ್ಯಾಯಾಲಯವಿಲ್ಲ; ತನ್ನ ಕಣ್ಣನ್ನು ಕಳೆದ ಜೇನಿನ ರಾಣಿಯ ಮೇಲೆ ಹಗೆ ತೀರಿಸಿಕೊಳ್ಳಲು ಹೊರಟ ನಾಗ್ಯಾ ಎಂಬ ತರುಣನ ಛಲವಷ್ಟೆ ಕಥೆ. ಮೋಹನ ಆಗಾಶೆಯವರು ಆ ಪಾತ್ರವನ್ನು ಮಾಡಿದ್ದಾರೆ. ಆದರೆ ಚಿಂಧಿಯನ್ನು ನೋಡಿ. ಬೇಡವಾದ ಗಂಡನನ್ನು ಬೇಡವೆಂದು ಹೇಳಿ ಬಿಟ್ಟು ಬಂದವಳು. ನಾಗ್ಯಾನನ್ನು ತಾನಾಗಿ ಒಲಿದು, ಅದನ್ನು ಮುಚ್ಚಿಡದೆ, ಅವನನ್ನು ಕೆಣಕಿ, ಗದರಿ, ನಗಿಸಿ, ಅವನ ಛಲದಲ್ಲಿ ಪಾಲುಗೊಳ್ಳತಕ್ಕವಳು. ಅವಳು ನಡೆಯುವ ನಡಿಗೆಯಲ್ಲಿ ಬೆಟ್ಟ ಅವಳದು. ಕಡೆಗೆ ಅವಳೂ ಸಾಯುತ್ತಾಳೆ. ಆದರೆ ಸಾಯುವವರೆಗೆ ಬದುಕಿರುತ್ತಾಳೆ. ನಾಗಿಗೆ ಆ ಭಾಗ್ಯವಿಲ್ಲ. ಪುಣೆಯಲ್ಲಿ ಹುಟ್ಟಿ 31ನೆಯ ವಯಸ್ಸಿಗೇ, 1986ರಲ್ಲಿ, ತೀರಿಕೊಂಡ ಆ ಮಹಾನಟಿಯ ಎರಡು ಮುಖಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದವರಿಗೆ, ಯಾವ ಚಿತ್ರದಲ್ಲಿ ಸಾಮಾಜಿಕ ಪ್ರಜ್ಞೆ ಹೆಚ್ಚಿತ್ತೆಂಬ ಪ್ರಶ್ನೆಗೆ ರೂಢಿಯ ಉತ್ತರವನ್ನು ಕೊಡಲು ಮನಸ್ಸಾಗದು. ಹಾಡುಗಳ ಚಿತ್ರವೇ ಅವಳಿಗೆ ಹೆಚ್ಚು ನ್ಯಾಯ ಮಾಡಿತೆಂಬುದು ನನ್ನ ಅಭಿಪ್ರಾಯ.

ಹಿನ್ನೀರನ್ನು ದಾಟಿ ಕರಮಾಳಾದ ದಡಕ್ಕೆ ಹೋಗೋಣ. ‘ಫ್ಯಾಂಡ್ರಿ’ ಎಂದರೆ ಕೈಕಾಡಿ ನುಡಿಯಲ್ಲಿ ಹಂದಿ. ಆ ನುಡಿ ನಮ್ಮ ದ್ರಾವಿಡ ಕುಟುಂಬದ್ದೆಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬುಟ್ಟಿ ಹೆಣೆದು, ಕತ್ತೆ ಹೂಡಿ, ಹಂದಿ ಹಿಡಿದು ಬಾಳಿದ ಈ ಜನ ನಮ್ಮ ಕೊರಮ ಕೊರಚರ ದಾಯಾದಿಗಳು. ಸರ್ಕಾರದ ಪಟ್ಟಿಗಳ ವೈಚಿತ್ರ್ಯವನ್ನು ನೋಡಿ: ವಿದರ್ಭದ ಕೈಕಾಡಿ ಪರಿಶಿಷ್ಟ ಜಾತಿ, ಇಂದಾಪುರದ ಕೈಕಾಡಿ ವಿಮುಕ್ತ ಜಾತಿ, ಕರ್ನಾಟಕದ ಕೊರಮರು ಪರಿಶಿಷ್ಟ ಜಾತಿ, ಆಂಧ್ರದ ಯರುಕಲರು ಪರಿಶಿಷ್ಟ ಬುಡಕಟ್ಟು. 1871ರಲ್ಲಿ ಆರಂಭವಾಗಿ ಮುಂದೆ ವಿಸ್ತರಿಸಿದ ಅಪರಾಧಿ ಬುಡಕಟ್ಟುಗಳ ಶಾಸನವು ಅವರನ್ನೂ ಪಾರಧಿಗಳನ್ನೂ ಹುಟ್ಟುಗಳ್ಳರೆಂದು ಗುರುತು ಹಾಕಿ, ಸೊಲ್ಲಾಪುರ, ಹುಬ್ಬಳ್ಳಿ, ಗದಗುಗಳ ಬೇಲಿಯೊಳಗೆ ಕೂಡಿಟ್ಟಿತು. 1952ರಲ್ಲಿ ಬಿಡುಗಡೆಯಾದರೂ ಆ ಬೇಲಿಯೊಳಗಿನ ಓಣಿಗಳನ್ನು ಜನ ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ. ಕಾನೂನು ಯಾವ ಕೋಷ್ಟಕದಲ್ಲಿ ಬರೆದರೂ, ಅಂಚಿಗೆ ತಳ್ಳಲ್ಪಟ್ಟ ಬುಡಕಟ್ಟೆಂಬ ಮಾತು ಇವರಿಗಲ್ಲದೆ ಇನ್ನಾರಿಗೆ ಸಲ್ಲಬೇಕು?

ಮಂಜುಳೆಯವರ ಚಿತ್ರದ ನಾಯಕ ಜಬ್ಯಾ ಎಂಬ ಶಾಲೆಯ ಹುಡುಗ. ಅವನ ತಾಯಿಯಾಗಿ ಛಾಯಾ ಕದಮರು ಅಭಿನಯಿಸಿದ್ದಾರೆ. ಊರಿನ ಜಾತ್ರೆಗೆ ಹಂದಿಗಳ ಕಾಟ ತಪ್ಪಿಸಬೇಕೆಂದು ಹಿರಿಯರು ಆಜ್ಞಾಪಿಸುತ್ತಾರೆ. ಮಗಳ ಮದುವೆಯ ಖರ್ಚು ತಲೆಯ ಮೇಲಿರುವ ತಂದೆ ಒಪ್ಪಿಕೊಳ್ಳುತ್ತಾನೆ. ಇಡೀ ಸಂಸಾರ, ತಾಯಿ, ಅಕ್ಕಂದಿರು, ಹುಡುಗ, ಹಗ್ಗ ಹಿಡಿದು ಬಯಲಿನಲ್ಲಿ ಹಂದಿಯ ಹಿಂದೆ ಓಡುತ್ತದೆ. ಊರು ನಿಂತು ನೋಡಿ ನಗುತ್ತದೆ. ತರುಣರು ತಮ್ಮ ಫೋನಿನಲ್ಲಿ ಚಿತ್ರ ತೆಗೆಯುತ್ತಾರೆ. ಈ ದೃಶ್ಯದ ದೈರ್ಘ್ಯ ಅಸಹ್ಯವೆನಿಸುವಷ್ಟಿದೆ, ಹಾಗೆ ಅನಿಸಬೇಕೆಂದೇ ಇದೆ. ಇಲ್ಲಿಯ ತಾಯಿ ದುಃಖದ ಪ್ರತಿಮೆಯಲ್ಲ. ಅವಳು ಬೈಯುತ್ತಾಳೆ, ಬೇಸರಪಡುತ್ತಾಳೆ, ಲೆಕ್ಕ ಹಾಕುತ್ತಾಳೆ, ದುಡಿಯುತ್ತಾಳೆ. ಕೆಡುಕಾದುದನ್ನು ತೋರಿಸಿ ನಮ್ಮಿಂದ ಕಣ್ಣೀರನ್ನು ವಸೂಲು ಮಾಡುವ ಆತುರ ನಿರ್ದೇಶಕರಿಗಿಲ್ಲ, ಏಕೆಂದರೆ ಅವರು ಆ ಮನೆಗಳನ್ನು ಬಾಲ್ಯದಿಂದ ಬಲ್ಲವರು. ಆದರೂ ಕನಸು ಕಾಣುವ ಹಕ್ಕು ಇಲ್ಲಿಯೂ ಹುಡುಗನಿಗೇ ಸೇರಿತು. ಮದುವೆಯ ಸಾಲಕ್ಕೆ ಕಾರಣಳಾದ ಅಕ್ಕನ ಕನಸೇನಿತ್ತೆಂದು ತಿಳಿಯುವುದಕ್ಕೆ ಆ ಮನೆಯವರಲ್ಲೇ ಒಬ್ಬ ಹೆಣ್ಣುಮಗಳು ಕ್ಯಾಮರಾ ಹಿಡಿಯುವವರೆಗೆ ಕಾಯಬೇಕೋ ಏನೋ.

ಕ್ಯಾಮರಾದ ಮಾತು ಬಂದುದರಿಂದ ಮಹಾಶ್ವೇತಾದೇವಿಯವರ ಕಥೆಯೊಂದನ್ನು ಆಧರಿಸಿ ಇಟಲಿಯ ಇತಾಲೋ ಸ್ಪಿನೆಲ್ಲಿಯವರು 2010ರಲ್ಲಿ ಮಾಡಿದ ‘ಗಂಗೋರ್’ ಎಂಬ ಚಿತ್ರವನ್ನು ಹೆಸರಿಸಬೇಕು. ಮಗುವಿಗೆ ಹಾಲೂಡುತ್ತಿದ್ದ ಆದಿವಾಸಿ ತಾಯಿಯ ಚಿತ್ರವನ್ನು ಸದುದ್ದೇಶದ ಪತ್ರಿಕಾ ಛಾಯಾಗ್ರಾಹಕನೊಬ್ಬ ತೆಗೆದು ಅಚ್ಚು ಹಾಕಿಸುತ್ತಾನೆ. ಆ ಚಿತ್ರವೇ ಅವಳ ಸರ್ವನಾಶಕ್ಕೆ ಹೇತುವಾಗುತ್ತದೆ. ಸದುದ್ದೇಶದ ನಿರ್ದೇಶಕರೆಲ್ಲರೂ ತಮ್ಮ ಕೆಲಸವನ್ನು ಆರಂಭಿಸುವ ಮೊದಲು ಓದಬೇಕಾದ ಕಥೆ ಅದು.

ಇತ್ತೀಚೆಗೆ ಪರಿಸ್ಥಿತಿ ಕೊಂಚ ಸುಧಾರಿಸಿದೆ. 2017ರ ‘ನ್ಯೂಟನ್’ ಚಿತ್ರದಲ್ಲಿ ಅಂಜಲಿ ಪಾಟೀಲರು ವಹಿಸಿದ ಮಲ್ಕೋ ಎಂಬ ಗೊಂಡ ಶಿಕ್ಷಕಿ, ದಂಡಕಾರಣ್ಯದ ಮತಗಟ್ಟೆಗೆ ಬಂದ ಪರಸ್ಥಳದ ಅಧಿಕಾರಿಗಿಂತ ಹೆಚ್ಚು ತಿಳಿದವಳು, ಕಡಮೆ ಹೆದರುವವಳು. ತನ್ನ ಮನೋಧರ್ಮವೇನೆಂದು ಕೇಳಿದರೆ ತಾನು ಆದಿವಾಸಿ ಎಂದಷ್ಟೇ ಹೇಳಿ ಕೆಲಸಕ್ಕೆ ತೊಡಗುವವಳು. 2021ರ ತಮಿಳು ಚಿತ್ರ ‘ಜೈ ಭೀಮ್’ನಲ್ಲಿ ಸೆಂಗೇಣಿ ಎಂಬ ಗರ್ಭಿಣಿ, ಠಾಣೆಯಲ್ಲಿ ಸತ್ತ ಗಂಡನಿಗಾಗಿ ನ್ಯಾಯಾಲಯದ ಮೆಟ್ಟಿಲೇರಿ, ಹಿರಿಯ ಪೊಲೀಸು ಅಧಿಕಾರಿ ನೀಡಬಂದ ಹಣವನ್ನು ನಿರಾಕರಿಸುವ ಪ್ರಸಂಗವಂತೂ ಮರೆಯುವಂಥದಲ್ಲ. ಆ ಕಥೆಗೆ ಮೂಲವಾದ 1993ರ ಘಟನೆಯಲ್ಲಿ ಹೋರಾಡಿದ ಹೆಂಗಸು ಕುರವ ಜನಾಂಗದವಳು, ಎಂದರೆ ನಮ್ಮ ಕೊರಮರ, ಇಂದಾಪುರದ ಕೈಕಾಡಿಗಳ ಬಳಗದವಳು; ಚಿತ್ರವು ಅವಳನ್ನು ಇರುಳ ಬುಡಕಟ್ಟಿನವಳನ್ನಾಗಿ ಬದಲಿಸಿತು. ಗೆಲುವಿನ ಕೀರ್ತಿಯ ಹೆಚ್ಚಿನ ಪಾಲು ವಕೀಲನಿಗೇ ಸಂದಿತೆಂದು ಬೇರೆ ಹೇಳಬೇಕಾಗಿಲ್ಲ. ನಮ್ಮ ಚಿತ್ರಗಳಲ್ಲಿ ವಕೀಲರು ಬಹಳ ಅದೃಷ್ಟವಂತರು.

ಇನ್ನು ನಾವು ಕನ್ನಡಿಗರು. ಮಾಸ್ತಿಯವರ ನಾಟಕವನ್ನು ಸಿ. ಆರ್. ಸಿಂಹ ಅವರು 1977ರಲ್ಲಿ ‘ಕಾಕನಕೋಟೆ’ಯೆಂದು ತೆರೆಗೆ ತಂದಾಗ ಕಾಡುಕುರುಬರ ಘನತೆಯನ್ನು ಕಾಣುವ ಒಂದು ಕಣ್ಣು ನಮಗೆ ದೊರಕಿತು, ಆದರೆ ಅಲ್ಲಿಯ ಕೇಂದ್ರ ಕಾಚನೆಂಬ ಪುರುಷ. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ರಂಗಭೂಮಿಗೆ ಬಂದು ನುರಿತ ನಟಿಯರಾಗಿದ್ದಾರೆ. ಸಿನಿಮಾದ ಹಾಡುಗಳಲ್ಲಿ ಅವರ ಕಂಠವನ್ನು ಕೇಳಿ ನಾವು ತಲೆದೂಗಿದ್ದೇವೆ. ನಾಯಿಕೆಯ ಪಾತ್ರಕ್ಕೆ ಕರೆಯುವ ಹೊತ್ತಿಗೆ ಮಾತ್ರ ನಮ್ಮ ನಿರ್ಮಾಪಕರಿಗೆ ಬಿಳುಪಿನ ನೆನಪಾಗುತ್ತದೆ. ಪಾರಧಿಗಳನ್ನು ನಾವು ಹರಣಶಿಕಾರಿಗಳೆಂದು ಕರೆಯುತ್ತೇವೆ. ಗಂಡಸರನ್ನು ಸಂಶಯದ ಮೇಲೆ ಹಿಡಿದೊಯ್ದಾಗ ಠಾಣೆಯ ಮುಂದೆ ಕೂಸನ್ನು ಕಂಕುಳಲ್ಲಿಟ್ಟು ಕುಳಿತು, ಜಾಮೀನು ಹುಡುಕಿ, ಸಂಸಾರವನ್ನು ಹಿಡಿದು ನಿಲ್ಲಿಸುವವಳು ಹೆಂಡತಿಯೇ ಎಂಬುದನ್ನು ಗದಗಿನಲ್ಲಿಯೂ ಇಂದಾಪುರದಲ್ಲಿಯೂ ಒಂದು ದಿನ ನಿಂತು ನೋಡಿದವರು ಬಲ್ಲರು. ಅವಳಿಗೆ ಕಥೆಯ ಕೊರತೆಯಿಲ್ಲ.

ಆದುದರಿಂದ ಧಾರವಾಡ, ಕಲಬುರಗಿ, ಹುಬ್ಬಳ್ಳಿಗಳ ಚಿತ್ರಸಮಾಜದವರಲ್ಲಿ ನನ್ನದೊಂದು ವಿನಂತಿ. ‘ಜೈತ್ ರೇ ಜೈತ್’, ‘ಆಕ್ರೋಶ್’ ಮತ್ತು ‘ಫ್ಯಾಂಡ್ರಿ’ ಈ ಮೂರು ಚಿತ್ರಗಳನ್ನು ಒಂದಾದ ಮೇಲೊಂದು ಸಂಜೆ ಪ್ರದರ್ಶಿಸಿರಿ. ಸೆಟ್ಲಮೆಂಟಿನ ಓಣಿಗಳ ಹೆಂಗಸರಿಗೆ ಮುಂದಿನ ಸಾಲಿನ ಆಸನಗಳನ್ನು ಕಾದಿರಿಸಿರಿ. ಚಿತ್ರ ಮುಗಿದ ಮೇಲೆ ನಡೆಯುವ ಚರ್ಚೆಯಲ್ಲಿ ನಮ್ಮಂಥ ಭಾಷಣಕಾರರನ್ನು ಬದಿಗಿರಿಸಿ, ಮೊದಲ ಮಾತನ್ನು ಅವರಿಂದಲೇ ಆಡಿಸಿರಿ.